ಅಥಣಿ ರಸ್ತೆಯ ಹುಕುಂ ಯಾರದು?

ಕಬ್ಬಿನ ಹಂಗಾಮಿನಲ್ಲಿ ವಿಜಯಪುರದ ಅಥಣಿ ರಸ್ತೆಗೆ ಇಳಿದರೆ ಟ್ರ್ಯಾಕ್ಟರ್ ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ಕಣ್ಣಿಗೆ. ಹಾಡಿನ ಸದ್ದು ದೊಡ್ಡದು, ಹಿಂದಿನ ದೀಪ ಸಣ್ಣದು, ಎಷ್ಟೋ ಗಾಡಿಗಳಿಗೆ ಅದೂ ಇಲ್ಲ. ಒಂದೊಂದು ಟ್ರ್ಯಾಕ್ಟರಿನ ಬೆನ್ನಿಗೆ ಎರಡೆರಡು ಟ್ರೇಲರು, ಎರಡರಲ್ಲೂ ಅಕ್ಕಪಕ್ಕಕ್ಕೆ ಚಾಚಿಕೊಂಡ ಕಬ್ಬು. ಹಗಲಿನಲ್ಲಿ ಇದು ಬರೀ ತಡ; ಹೊತ್ತು ಮುಳುಗಿದ ಮೇಲೆ ಹಿಂದಿನಿಂದ ಬರುವ ಮೋಟರ್‌ಸೈಕಲ್ ಹುಡುಗನಿಗೆ ಇದು ಜೀವದ ಪ್ರಶ್ನೆ. ದಾರಿಯ ಚಹಾದಂಗಡಿಯಲ್ಲಿ ಕೂತು ಇದನ್ನು ಯಾರು ಸರಿಪಡಿಸಬೇಕು ಎಂದು ಕೇಳಿ ನೋಡಿರಿ. ಒಬ್ಬರು ಆರ್‌ಟಿಓ ಎನ್ನುತ್ತಾರೆ, ಒಬ್ಬರು ಪೊಲೀಸರು, ಮತ್ತೊಬ್ಬರು ಹೈವೇದವರು, ಇನ್ನೊಬ್ಬರು ಕಾರ್ಖಾನೆಯವರು. ಮೂಲೆಯಲ್ಲಿ ಕೂತ ಹಿರಿಯರು, "ಪಂಚಾಯ್ತಿಯವರು ಏನ್ ಮಾಡ್ತಾರ?" ಎಂದು ಕೇಳುತ್ತಾರೆ. ಅಲ್ಲೇ ಇದ್ದ ಪಂಚಾಯಿತಿ ಸದಸ್ಯರ ಉತ್ತರ ಒಂದೇ: "ಅದು ನಮ್ಮ ಕೈಯಾಗ ಇಲ್ರಿ."

ಆ ಸದಸ್ಯರು ಜಾರಿಕೊಳ್ಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದಾರೆ. ತಮ್ಮ ಊರಿನ ಮುಂದೆ ಹಾದುಹೋಗುವ ಗಾಡಿಗಳ ವಿಷಯದಲ್ಲಿ ಊರಿನವರು ಆರಿಸಿದ ಮನುಷ್ಯನಿಗೆ ಅಧಿಕಾರ ಬಹುತೇಕ ಇಲ್ಲ. ಹಾಗಾದರೆ ಆ ಅಧಿಕಾರ ಯಾರ ಕೈಯಲ್ಲಿದೆ, ಯಾಕೆ ಅಲ್ಲೇ ಉಳಿದಿದೆ ಎಂದು ಸ್ವಲ್ಪ ಹರಟೋಣ. ಹೇಗೂ ಮುಂದಿನ ಟ್ರ್ಯಾಕ್ಟರ್ ಸರಿಯುವವರೆಗೆ ನಮಗೆ ಹೊತ್ತಿದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟಿಯ 23ನೇ ನಮೂದು. ಉಳಿದ ರಸ್ತೆ, ಸೇತುವೆಗಳು ರಾಜ್ಯದ ಪಟ್ಟಿಯ 13ನೇ ನಮೂದು. ಪೊಲೀಸರೂ ರಾಜ್ಯದವರೇ, ವಾಹನ ತೆರಿಗೆಯೂ ರಾಜ್ಯದ್ದೇ. ಮೋಟಾರು ವಾಹನ ಮಾತ್ರ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯ 35ನೇ ನಮೂದಿನಲ್ಲಿ ಕೂತಿದೆ. ಅಂದರೆ ನಾವು ಓಡಿಸುವ ಗಾಡಿ ದಿಲ್ಲಿ, ಬೆಂಗಳೂರು ಎರಡಕ್ಕೂ ಸೇರಿದ್ದು. ಅದನ್ನು ತಡೆಯುವ ಪೊಲೀಸರು ಬೆಂಗಳೂರಿನವರು. ಅದು ಓಡುವ ಡಾಂಬರು ಯಾರದು ಎನ್ನುವುದು ಆ ರಸ್ತೆಗೆ ಯಾವ ನಂಬರು ಬಿದ್ದಿದೆ ಎನ್ನುವುದರ ಮೇಲೆ ನಿಂತಿದೆ.

ಅಥಣಿ ರಸ್ತೆಗೆ ಈಗ ಬಿದ್ದಿರುವ ನಂಬರು 548ಬಿ. ಮಹಾರಾಷ್ಟ್ರದ ಅಕ್ಕಲಕೋಟದ ಕಡೆಯಿಂದ ಬಂದು, ವಿಜಯಪುರ ಹೊಕ್ಕು, ತಿಕೋಟಾ, ಅಥಣಿ, ಚಿಕ್ಕೋಡಿಯ ಮೇಲೆ ಸಂಕೇಶ್ವರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ ಇದು. ಹೆದ್ದಾರಿಯಾದದ್ದು ಸಂತೋಷದ ಸಂಗತಿಯೇ. ತಿಕೋಟಾ ಭಾಗದ ಒಣದ್ರಾಕ್ಷಿ ಸಾಂಗಲಿ, ತಾಸಗಾಂವದ ಪೇಟೆಗೆ ಹೋಗಬೇಕು, ಬಬಲೇಶ್ವರದ ಕಡೆಯ ಕಬ್ಬು ಕಾರ್ಖಾನೆ ಮುಟ್ಟಬೇಕು; ರಸ್ತೆ ಗಟ್ಟಿಯಿದ್ದರೆ ರೈತನ ಗಂಟು ಉಳಿಯುತ್ತದೆ. ಆದರೆ ರಸ್ತೆ ರಾಷ್ಟ್ರೀಯವಾದ ದಿನವೇ ಊರಿನ ಕೈಯಿಂದ ಇನ್ನಷ್ಟು ದೂರ ಸರಿಯಿತು. ಸಂಸತ್ತು ಮಾಡಿದ 2002ರ ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆಯಿದೆ. ಅದರ ಪ್ರಕಾರ ಹೆದ್ದಾರಿಯ ನೆಲವನ್ನೂ ಅದರ ಮೇಲಿನ ಸಂಚಾರವನ್ನೂ ಹೆದ್ದಾರಿ ಆಡಳಿತವೇ ನೋಡಿಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯ ಮೇಲೆ ಉಬ್ಬು ಹಾಕಬಾರದು ಎಂಬುದು ಕೇಂದ್ರ ಸಾರಿಗೆ ಸಚಿವಾಲಯದ ನಿಲುವು. ದೂರ ಹೋಗುವ ಲಾರಿಯವನ ಮಟ್ಟಿಗೆ ಅದು ಸರಿಯಾದ ನಿಲುವೇ. ಆದರೆ ಹೆದ್ದಾರಿಗೆ ಅಂಟಿಕೊಂಡು ಬೆಳೆದ ಊರಿನಲ್ಲಿ ಮಕ್ಕಳು ಬೆಳಿಗ್ಗೆ ಇತ್ತಲಿಂದ ಅತ್ತ ಸಾಲಿಗೆ ಹೋಗಬೇಕು, ಸಂಜೆ ಅತ್ತಲಿಂದ ಇತ್ತ ಬರಬೇಕು. ಆ ಮಕ್ಕಳು ಯಾರ ಪಟ್ಟಿಯ ಯಾವ ನಮೂದಿನಲ್ಲಿದ್ದಾರೆ?

ರಸ್ತೆಯ ನಂಬರಿನಿಂದ ಊರಿನ ಬದುಕೇ ಬದಲಾಗುವುದನ್ನು ನಾವೆಲ್ಲ ಒಮ್ಮೆ ಕಣ್ಣಾರೆ ಕಂಡಿದ್ದೇವೆ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಸಾರಾಯಿ ಅಂಗಡಿ ಇರಕೂಡದು ಎಂದು ತೀರ್ಪು ಕೊಟ್ಟಿತು. ಕುಡಿದು ಓಡಿಸಿ ಸಾಯುವವರನ್ನೂ ಸಾಯಿಸುವವರನ್ನೂ ತಡೆಯುವುದು ಅದರ ಉದ್ದೇಶ. ಆಮೇಲೆ ಹಲವು ರಾಜ್ಯಗಳು ಪಟ್ಟಣದೊಳಗಿನ ಹೆದ್ದಾರಿಯ ಹೆದ್ದಾರಿತನವನ್ನೇ ತೆಗೆದುಹಾಕಲು ಓಡಾಡಿದವು. ಅದೇ ಡಾಂಬರು, ಅದೇ ತಿರುವು, ಕಾಗದದ ಮೇಲೆ ಮಾತ್ರ ಬೇರೆ ರಸ್ತೆ. ಅಂಗಡಿ ಉಳಿಸಿಕೊಳ್ಳಲು ರಸ್ತೆಯ ಜಾತಿ ಬದಲಿಸುವಷ್ಟು ಚುರುಕು ಇದ್ದವರಿಗೆ, ಸಾಲಿಯ ಮುಂದಿನ ದಾಟು ಉಳಿಸಿಕೊಳ್ಳಲು ಆ ಚುರುಕು ಬರಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಈಗ ಊರಿನ ಸರದಿ. 1992ರಲ್ಲಿ ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿಗಳು ಬಂದವು, ಮರುವರ್ಷ ಜಾರಿಯಾದವು. ಪಂಚಾಯಿತಿಗೆ ಹನ್ನೊಂದನೇ ಅನುಸೂಚಿ ಬಂತು, ನಗರಸಭೆಗೆ ಹನ್ನೆರಡನೆಯದು. ಹನ್ನೆರಡನೆಯದರಲ್ಲಿ ಹದಿನೆಂಟು ವಿಷಯಗಳಿವೆ. ರಸ್ತೆ ಮತ್ತು ಸೇತುವೆ ಇವೆ, ಬೀದಿ ದೀಪ, ಪಾರ್ಕಿಂಗ್ ಜಾಗ, ಬಸ್ ನಿಲ್ದಾಣ ಇವೆ. ಸಂಚಾರ ಮಾತ್ರ ಇಲ್ಲ. ರಸ್ತೆಯನ್ನು ಕಟ್ಟು, ಗುಡಿಸು, ದೀಪ ಹಚ್ಚು. ಅದರ ಮೇಲೆ ಯಾವ ಗಾಡಿ ಯಾವ ಹೊತ್ತಿಗೆ ಎಷ್ಟು ಜೋರಾಗಿ ಹೋಗಬೇಕೆಂದು ಮಾತ್ರ ಕೇಳಬೇಡ ಎಂದಂತಾಯಿತು. ಮನೆ ಕಟ್ಟಿಸಿಕೊಟ್ಟು ಬಾಗಿಲ ಕೀಲಿ ಮಾತ್ರ ಪರವೂರಿನಲ್ಲಿಟ್ಟ ಹಾಗೆ.

1988ರ ಮೋಟಾರು ವಾಹನ ಕಾಯ್ದೆಯನ್ನು ಓದುವ ಸಹನೆಯಿದ್ದವರಿಗೆ ಒಂದು ಸಂಗತಿ ಕಾಣುತ್ತದೆ. ನಾನು ಈ ಬರಹಕ್ಕೆ ಕೂತದ್ದೇ ಆ ಒಂದು ಸಂಗತಿಗಾಗಿ. 112ನೇ ಕಲಂ ವೇಗದ ಮಿತಿಯದು, 115 ಗಾಡಿಗಳನ್ನು ಇಂಥ ರಸ್ತೆಯಲ್ಲಿ ಇಂಥ ಹೊತ್ತಿನಲ್ಲಿ ಬಾರದಂತೆ ತಡೆಯುವುದು, 116 ಸಂಚಾರ ಫಲಕ ನಿಲ್ಲಿಸುವುದು, 117 ಗಾಡಿ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು. ಈ ನಾಲ್ಕರಲ್ಲೂ ಅಧಿಕಾರ ರಾಜ್ಯ ಸರ್ಕಾರಕ್ಕೆ, ಇಲ್ಲವೇ ರಾಜ್ಯ ಸರ್ಕಾರ ಯಾರಿಗೆ ಅಧಿಕಾರ ಕೊಡುತ್ತದೋ ಅವರಿಗೆ. ಯಾರಿಗಾದರೂ ಕೊಡಬಹುದು! ವಿಜಯಪುರ ಮಹಾನಗರ ಪಾಲಿಕೆಗೆ ಕೊಡಬಹುದು, ತಿಕೋಟಾದ, ಬಬಲೇಶ್ವರದ ಸ್ಥಳೀಯ ಸಂಸ್ಥೆಗೆ ಕೊಡಬಹುದು. ಕೊಟ್ಟದ್ದು ಯಾರಿಗೆ? ಕರ್ನಾಟಕದಲ್ಲಿ 1989ರ ಮೋಟಾರು ವಾಹನ ನಿಯಮಗಳ 221(ಎ) ನಿಯಮದ ಬಲದಿಂದ ಏಕಮುಖ ಸಂಚಾರ, ನಿಲುಗಡೆ ನಿಷೇಧದಂಥ ಅಧಿಸೂಚನೆಗಳನ್ನು ಜಿಲ್ಲೆಗಳಲ್ಲಿ ಹೊರಡಿಸುತ್ತಿರುವವರು ಜಿಲ್ಲಾಧಿಕಾರಿಗಳು, ಜಿಲ್ಲಾ ದಂಡಾಧಿಕಾರಿಯ ಟೋಪಿ ಹಾಕಿಕೊಂಡು. ಸ್ಥಳೀಯ ಸಂಸ್ಥೆಯ ಹೆಸರು ಬರುವುದು 117ರಲ್ಲಿ ಮಾತ್ರ. ಅಲ್ಲೂ ಅವರನ್ನು ಕೇಳಿ ವಿಚಾರಿಸಿ ಮಾಡಬೇಕು ಎಂದಷ್ಟೇ ಇದೆ.

ಸಂತೆಯ ದಿನ ಅಂಗಡಿ ಸಾಲಿನ ಮುಂದೆ ಟಂಟಂ ಆಟೋಗಳು ಅಡ್ಡ ನಿಲ್ಲುತ್ತವೆ ಅಂತಿಟ್ಟುಕೊಳ್ಳಿರಿ. ಸದಸ್ಯರು ಅರ್ಜಿ ಬರೆಯಬೇಕು. ಅದು ಠಾಣೆಗೆ ಹೋಗಿ ಅಭಿಪ್ರಾಯ ಪಡೆಯಬೇಕು, ಎಸ್‌ಪಿ ಕಚೇರಿಗೆ ಏರಬೇಕು, ಸಾರಿಗೆ ಕಚೇರಿಗೆ ಹೋಗಬೇಕು, ಲೋಕೋಪಯೋಗಿ ಇಲಾಖೆಯನ್ನೋ ಹೆದ್ದಾರಿ ವಿಭಾಗವನ್ನೋ ಕೇಳಬೇಕು, ಕೊನೆಗೆ ಜಿಲ್ಲಾಧಿಕಾರಿಗಳ ಮೇಜು ಮುಟ್ಟಬೇಕು. ಜಿಲ್ಲಾಧಿಕಾರಿಗಳಿಗೆ ಬರಗಾಲವಿದೆ, ಪ್ರವಾಹವಿದೆ, ಚುನಾವಣೆಯಿದೆ, ಸಾವಿರ ಕೆಲಸ. ಕೆಟ್ಟವರೇ ಇದನ್ನು ತಡಮಾಡಬೇಕೆಂದಿಲ್ಲ; ಇಂಥ ಏಣಿಯಲ್ಲಿ ಒಳ್ಳೆಯವರಿದ್ದರೂ ಕಾಗದ ನಿಧಾನವಾಗಿಯೇ ಹತ್ತುತ್ತದೆ.

ಮೊದಲು ಹೀಗಿರಲಿಲ್ಲ. ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. 1901ರ ಮುಂಬಯಿ ಜಿಲ್ಲಾ ಪುರಸಭೆ ಕಾಯ್ದೆಯಡಿ ಪುರಸಭೆಗಳು ಗಾಡಿ, ದನ, ಕುದುರೆಗಳ ಮೇಲೆ ಕರ ಹಾಕುತ್ತಿದ್ದವು, ಸುಂಕ ಎತ್ತುತ್ತಿದ್ದವು. ಊರ ಬಾಯಿಯಲ್ಲಿ ಜಕಾತಿ ನಾಕಾ ಇರುತ್ತಿತ್ತು; ಹಳಬರು ಈಗಲೂ ಊರಿನ ಹೊರಮೈಯನ್ನು ನಾಕಾ ಎಂದೇ ಕರೆಯುತ್ತಾರೆ. ಜಕಾತಿಯನ್ನು ಕರ್ನಾಟಕ 1979ರಲ್ಲಿ ತೆಗೆದುಹಾಕಿತು. ಆ ನಾಕಾಗಳು ಮರಳಿ ಬರಲಿ ಎಂದು ನಾನು ಎಂದೂ ಹೇಳುವುದಿಲ್ಲ. ಊರೂರಿಗೆ ಗಾಡಿ ನಿಲ್ಲಿಸಿ ದುಡ್ಡು ಎಣಿಸುವುದು ರೈತನಿಗೆ ಹಿಂಸೆ, ವ್ಯಾಪಾರಕ್ಕೆ ತಡೆ. ಆದರೆ ಜಕಾತಿ ಹೋದಾಗ ಅದರ ಜೊತೆಗೆ ಊರಿನ ಬಾಯಲ್ಲಿ ನಿಂತು ಗಾಡಿಯನ್ನು ಮಾತಾಡಿಸುವ ಅಧಿಕಾರವೂ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ಈ ವಿಜಯಪುರವೇ ಒಂದು ಕೋಟೆ. ಪಡುವಣ ಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ನು. ಅದನ್ನು ಇಲ್ಲಿಗೆ ಎಳೆದು ತರಲು ಹತ್ತು ಆನೆ, ನಾನೂರು ಎತ್ತು ಬೇಕಾದವು ಎಂದು ಜನ ಹೇಳುತ್ತ ಬಂದಿದ್ದಾರೆ. ಅಷ್ಟು ಭಾರ ದಾರಿಯಲ್ಲಿ ಬರುವಾಗ ಎಷ್ಟು ಹಳ್ಳಿಗಳ ಹೊಲದ ಬದು ಮುರಿಯಿತೋ, ಯಾರನ್ನು ಕೇಳಿದರೋ. ಅದೇ ದಿಕ್ಕಿನಲ್ಲಿ ಇಬ್ರಾಹಿಂ ರೋಜಾ ಇದೆ, ಮುಂದೆ ತೊರವಿ. ತೊರವೆ ರಾಮಾಯಣದ ತೊರವಿ ಇದೇ. ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದೂ ಇಲ್ಲೇ. ಈಗ ಅದೇ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣವಿದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸಿಳಿದು ಓದಲು ಹೋಗುತ್ತಾರೆ. ಅವರ ಅಜ್ಜಿಯರಿಗೆ ಈ ರಸ್ತೆಯಲ್ಲಿ ಒಬ್ಬರೇ ಬರುವ ಪ್ರಸಂಗವೇ ಇರಲಿಲ್ಲ. ರಸ್ತೆಯನ್ನು ಬಳಸುವವರು ಇಷ್ಟು ಬದಲಾಗಿರುವಾಗ, ಆಳುವ ಕ್ರಮ ಬದಲಾಗಬೇಡವೇ?

ಹಾಗಂತ ಎಲ್ಲವನ್ನೂ ಊರಿಗೇ ಬಿಡಿ ಎಂದೂ ನನ್ನ ಮಾತಲ್ಲ. ಲೈಸೆನ್ಸು, ನೋಂದಣಿ, ಬ್ರೇಕು, ದೀಪ, ಹೆಲ್ಮೆಟ್ಟು, ದಂಡ, ಇವು ದೇಶಕ್ಕೆಲ್ಲ ಒಂದೇ ಇರಬೇಕು. ಇಲ್ಲಿಂದ ವಾಯವ್ಯಕ್ಕೆ ಹೊರಟರೆ ಬಹಳ ದೂರವಿಲ್ಲ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಅಲ್ಲಿಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಬೀಗತನ ಇತ್ತಲೂ ಅತ್ತಲೂ, ಮದುವೆಗೆ ಹೊರಟ ಜೀಪು ಒಂದು ಕಡೆ ಕೆಎ 28, ಇನ್ನೊಂದು ಕಡೆ ಎಂಎಚ್ 10. 2019ರ ಸೆಪ್ಟೆಂಬರ್ 1ರಂದು ಹೊಸ ದಂಡಗಳು ಜಾರಿಗೆ ಬಂದಾಗ ಈ ಗಡಿಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿರಿ. ಕೇಂದ್ರ ಹೆಲ್ಮೆಟ್ ಇಲ್ಲದವರಿಗೆ 1000 ರೂಪಾಯಿ ಎಂದಿತು. ಕರ್ನಾಟಕ ಮೊದಲು ಅದನ್ನೇ ಒಪ್ಪಿತು, ಅದೇ ತಿಂಗಳು ಜನರ ಕೂಗಿಗೆ ಮಣಿದು 500ಕ್ಕೆ ಇಳಿಸಿತು. ಗುಜರಾತ ಅದಕ್ಕೂ ಮೊದಲೇ ಇಳಿಸಿತ್ತು. ಮಹಾರಾಷ್ಟ್ರ ಜಾರಿಯನ್ನೇ ತಡೆಹಿಡಿದು, ತನ್ನ ಪಟ್ಟಿಯನ್ನು 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ರಾಷ್ಟ್ರಪತಿಗಳ ಒಪ್ಪಿಗೆಯಿಲ್ಲದೆ ಕಾಯ್ದೆಯ ಮಿತಿಗಿಂತ ಕೆಳಗೆ ರಾಜ್ಯಗಳು ಇಳಿಸುವಂತಿಲ್ಲ ಎಂದು ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು. 2020ರ ಜನವರಿಯಲ್ಲಿ ಕೇಂದ್ರ ಅದನ್ನು ಎಲ್ಲ ರಾಜ್ಯಗಳಿಗೆ ಕಳಿಸಿತು. ಆಮೇಲೂ ರಾಜ್ಯಗಳು ತಮ್ಮ ಪಟ್ಟಿ ಇಟ್ಟುಕೊಂಡೇ ನಡೆದವು.

ಇಲ್ಲಿ ನಾನು ರಾಜ್ಯದ ಪರವಲ್ಲ. ಜತ್ತದಲ್ಲಿ ಒಡೆಯುವ ತಲೆ, ತಿಕೋಟಾದಲ್ಲಿ ಒಡೆಯುವ ತಲೆ ಎರಡೂ ಒಂದೇ ಬೆಲೆಯವು. 2023ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಕೊಡುವ ರೂಢಿ ಶುರುವಾಯಿತಲ್ಲ, ಅದನ್ನೂ ನಾನು ಒಪ್ಪಲಾರೆ. ಖಜಾನೆ ತುಂಬಿತು ನಿಜ. ಆದರೆ ಕೆಂಪು ದೀಪ ದಾಟಿದ ದಿನವೇ ಪೂರ್ತಿ ದಂಡ ಕಟ್ಟಿದವನಿಗೆ ಅದು ಅನ್ಯಾಯ. ಹೊರರಾಜ್ಯದ ಗಾಡಿ ಮೂವತ್ತು ದಿನ ಮೀರಿ ಇದ್ದರೆ ಜೀವಮಾನದ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ತನ್ನ ತೆರಿಗೆ ಕಾಯ್ದೆ ತಿದ್ದಿತ್ತು. 2016ರಲ್ಲಿ ನಮ್ಮ ಹೈಕೋರ್ಟೇ ಅದನ್ನು ಹೊಡೆದುಹಾಕಿತು. ಸರಿಯಾದ ತೀರ್ಪು. ಗಡಿಯ ಮಂದಿಗೆ ಬಂಧುಬಳಗ ತಿಂಗಳ ಲೆಕ್ಕದಲ್ಲಿ ಇರುವುದಿಲ್ಲ. ಗಡಿ ಜಗಳ ಕೆರಳಿದಾಗ, 2022ರ ಕೊನೆಗೂ 2025ರ ಫೆಬ್ರವರಿಯಲ್ಲೂ ಎರಡು ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. ಅದರ ಪೆಟ್ಟು ತಿಂದವರು ಇದೇ ಮಂದಿ.

ಬಸ್ಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಿಜಯಪುರ ವಿಭಾಗದ ಬಸ್ಸುಗಳು ಕಲಬುರಗಿಯಲ್ಲಿ ಕಚೇರಿಯಿರುವ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದವು, ಜಿಲ್ಲೆ ಮಾತ್ರ ಕಲ್ಯಾಣ ಕರ್ನಾಟಕದಲ್ಲಿಲ್ಲ. ಅಥಣಿಯ ಬಸ್ಸುಗಳು ಹುಬ್ಬಳ್ಳಿಯ ವಾಯವ್ಯ ನಿಗಮದವು. ಒಂದೇ ರಸ್ತೆಯ ಎರಡು ತುದಿಗೆ ಇಬ್ಬರು ಯಜಮಾನರು, ಇಬ್ಬರೂ ದೂರದಲ್ಲಿ. ಸಂಜೆ ಕಾಲೇಜು ಬಿಡುವ ಹೊತ್ತಿಗೆ ಒಂದು ಬಸ್ಸು ಹೆಚ್ಚಿಗೆ ಬೇಕು ಎಂದರೆ ಊರಿನವರು ಯಾರ ಬಾಗಿಲಿಗೆ ಹೋಗಬೇಕು? ಖಾಸಗಿ ಗಾಡಿಗಳಿಗೆ ಪರವಾನಗಿ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ಜಿಲ್ಲಾಧಿಕಾರಿಗಳೇ. ಬಸ್ಸು ಸಾಲದ ಕಡೆ ಟಂಟಂ ಬರುತ್ತದೆ. ಅದು ತುಂಬಿ ತುಳುಕುತ್ತದೆ, ಆಗ ನಾವು ಚಾಲಕನನ್ನು ಬೈಯುತ್ತೇವೆ.

ಹೊರಗಿನ ಜಗತ್ತಿನಲ್ಲೂ ಈ ಜಗ್ಗಾಟವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಹನ ಸಂಹಿತೆಯ 21ನೇ ಕಲಂ, ರಾಜ್ಯ ಒಪ್ಪಿಗೆ ಕೊಟ್ಟ ಹೊರತು ಯಾವ ಊರೂ ತನ್ನದೇ ವಾಹನ ಕಾನೂನು ಮಾಡಕೂಡದು ಎನ್ನುತ್ತದೆ. ನ್ಯೂಯಾರ್ಕ್ ನಗರದ ಕಥೆ ಇನ್ನೂ ಮನಸ್ಸಿಗೆ ತಟ್ಟುವಂಥದ್ದು. 2013ರಲ್ಲಿ ಅಲ್ಲಿಯ ಬ್ರೂಕ್ಲಿನ್ ಭಾಗದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಗಾಡಿ ಬಡಿದು ಸತ್ತ. ಬೀದಿಗಳ ವೇಗವನ್ನು ಗಂಟೆಗೆ 20 ಮೈಲಿಗೆ ಇಳಿಸುವ ಅಧಿಕಾರ ನಗರಕ್ಕೇ ಕೊಡಿ ಎಂದು ಅವನ ತಾಯಿ ಮತ್ತು ಅವರಂಥ ಇತರ ಮನೆಗಳವರು ರಾಜ್ಯದ ರಾಜಧಾನಿ ಆಲ್ಬನಿಗೆ ವರ್ಷಗಟ್ಟಲೆ ಅಲೆದರು. ಎಂಬತ್ತು ಲಕ್ಷ ಮಂದಿಯ ನಗರ ತನ್ನ ಬೀದಿಯ ವೇಗಕ್ಕಾಗಿ ಬೇರೆ ಊರಿನಲ್ಲಿ ಬೇಡಬೇಕಾಯಿತು. 2024ರಲ್ಲಿ ಆ ಹುಡುಗನ ಹೆಸರಿನಲ್ಲೇ ಕಾನೂನು ಬಂತು. ಬ್ರಿಟನ್ನಿನ ವೇಲ್ಸ್ 2023ರ ಸೆಪ್ಟೆಂಬರ್‌ನಲ್ಲಿ ಜನವಸತಿಯ ಬೀದಿಗಳಿಗೆಲ್ಲ 20 ಮೈಲಿ ಎಂದು ಸಾಮಾನ್ಯ ಮಿತಿ ಹಾಕಿತು. ಯಾವ ರಸ್ತೆಗೆ ವಿನಾಯಿತಿ ಎಂಬುದನ್ನು ಗೊತ್ತುಮಾಡುವ ಕೆಲಸವನ್ನು ಸ್ಥಳೀಯ ಕೌನ್ಸಿಲ್ಲುಗಳಿಗೆ ಬಿಟ್ಟಿತು. ನನಗೆ ಹಿಡಿಸಿದ್ದು ಇದೇ ಕ್ರಮ. ನೆಲದ ನಿಯಮ ಎಲ್ಲರಿಗೂ ಒಂದು, ಬೀದಿಯ ತೀರ್ಮಾನ ಬೀದಿಯವರದು.

ನಮ್ಮ ರಾಜ್ಯದಲ್ಲೂ ಹೊಸ ಏರ್ಪಾಟುಗಳು ಆಗಿಲ್ಲವೆಂದಲ್ಲ. ಬೆಂಗಳೂರಿಗೆ 2022ರ ಮಹಾನಗರ ಭೂಸಾರಿಗೆ ಪ್ರಾಧಿಕಾರ ಕಾಯ್ದೆ ಬಂತು, ಪಾರ್ಕಿಂಗ್ ನೀತಿ ಬಂತು. ಮೂರು ಲಕ್ಷ ದಾಟಿದ ವಿಜಯಪುರಕ್ಕೆ ಅಂಥದೇನೂ ಇಲ್ಲ, ಹೊಸದಾಗಿ ತಾಲೂಕಾದ ತಿಕೋಟಾ, ಬಬಲೇಶ್ವರದ ಮಾತು ಬಿಡಿರಿ. ದಿಲ್ಲಿ ತನ್ನ ಅಧಿಕಾರ ಕಿತ್ತುಕೊಳ್ಳುತ್ತಿದೆ ಎಂದು ಬೆಂಗಳೂರು ದೂರುವುದನ್ನು ಕೇಳಿದ್ದೇವೆ. ಆ ದೂರಿನಲ್ಲಿ ಹುರುಳೂ ಇದೆ. ಆದರೆ ದಿಲ್ಲಿಯ ಕಾಯ್ದೆಯೇ ಬೆಂಗಳೂರಿನ ಕೈಗೆ ಕೊಟ್ಟು, ಬೇಕಾದವರಿಗೆ ಹಂಚು ಎಂದ ಅಧಿಕಾರವನ್ನು ರಾಜ್ಯ ಸರ್ಕಾರ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಆಚೆಗೆ ಬಿಟ್ಟಿಲ್ಲ. ಸಂಸತ್ತಿಗೆ ಹೋಗುವ ಕೆಲಸವೇ ಇಲ್ಲ. ಊರಿನೊಳಗಿನ ಬೀದಿಗಳ ಮಟ್ಟಿಗೆ ಒಂದು ಅಧಿಸೂಚನೆ ಸಾಕು.

ಸ್ಥಳೀಯರ ಕೈಗೆ ಕೊಟ್ಟರೆ ಜಾತಿ ನೋಡಿ ಉಬ್ಬು ಹಾಕುತ್ತಾರೆ, ಬೇಕಾದವರ ಅಂಗಡಿ ಮುಂದೆ ಪಾರ್ಕಿಂಗ್ ಕೊಡುತ್ತಾರೆ ಎನ್ನುವವರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಉಬ್ಬಿನ ಎತ್ತರಕ್ಕೆ, ಬಣ್ಣಕ್ಕೆ, ಫಲಕದ ದೂರಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಗಳಿವೆ; ಅವು ಕಡ್ಡಾಯವಾಗಲಿ, ತಪ್ಪಿದರೆ ಮೇಲಿನವರು ರದ್ದು ಮಾಡಲಿ. ರಸ್ತೆಯ ಕಟ್ಟೋಣದಲ್ಲಿ ಸುರಕ್ಷತೆಯ ಮಾನದಂಡ ತಪ್ಪಿ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿಯ 198ಎ ಕಲಂ ಹೇಳುತ್ತದೆ. ಹೊಣೆ ಗೊತ್ತಾದ ಕಡೆ ಕೆಲಸ ನೆಟ್ಟಗಾಗುತ್ತದೆ.

ಇಲ್ಲಿಯ ಮಂದಿಗೆ ಯೋಗ್ಯತೆ ಸಾಲದು ಎಂಬ ಮಾತನ್ನಂತೂ ನಾನು ಕೇಳಲಾರೆ. ಬಬಲೇಶ್ವರ ದಾಟಿ ಜಮಖಂಡಿ ಕಡೆ ಹೋದರೆ ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯ ಬ್ಯಾರೇಜು ಸಿಗುತ್ತದೆ. ಸರ್ಕಾರವನ್ನು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲು ಹೊತ್ತು 1989ರಲ್ಲಿ ಕಟ್ಟಿ ಮುಗಿಸಿದ್ದು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ನದಿಯನ್ನೇ ನಿಲ್ಲಿಸಿದವರ ಸೀಮೆ ಇದು. ಆ ನ್ಯಾಮಗೌಡರು 2018ರ ಮೇ ತಿಂಗಳಲ್ಲಿ ತೀರಿಕೊಂಡದ್ದು ರಸ್ತೆ ಅಪಘಾತದಲ್ಲಿ, ತುಳಸಿಗೇರಿಯ ಹತ್ತಿರ.

ಅದಕ್ಕೇ ಅಥಣಿ ರಸ್ತೆಯ ಎಡಬಲದ ಊರಿನವರಲ್ಲಿ ಒಂದು ಕೇಳಿಕೆ. ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿಯನ್ನು ರಾಜ್ಯ ಸರ್ಕಾರ ರಚಿಸಬಹುದೆಂದು ಮೋಟಾರು ವಾಹನ ಕಾಯ್ದೆಯ 215ನೇ ಕಲಂ ಹೇಳುತ್ತದೆ. ಯಾರನ್ನು ಸದಸ್ಯರನ್ನಾಗಿ ಮಾಡಬೇಕೆಂಬುದು ರಾಜ್ಯದ ಇಷ್ಟ. ಮುಂದಿನ ಕಬ್ಬಿನ ಹಂಗಾಮಿಗೆ ಮೊದಲೇ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಎರಡು ಠರಾವು ಮಾಡಿರಿ. ನಮ್ಮ ಚುನಾಯಿತ ಸದಸ್ಯರನ್ನು ಆ ಸಮಿತಿಯಲ್ಲಿ ಕೂಡಿಸಬೇಕು ಎಂಬುದು ಒಂದು. 115, 116, 117ನೇ ಕಲಮುಗಳ ಅಧಿಕಾರವನ್ನು ನಮ್ಮ ಬೀದಿಗಳ ಮಟ್ಟಿಗೆ ನಮಗೇ ಕೊಡಬೇಕು ಎಂಬುದು ಇನ್ನೊಂದು. ಠರಾವಿನ ಪ್ರತಿ ಜಿಲ್ಲಾಧಿಕಾರಿಗಳಿಗೂ ಸಾರಿಗೆ ಇಲಾಖೆಗೂ ಹೋಗಲಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿರಿ. ಅಲ್ಲಿಯತನಕ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದನ್ನು ಈ ವಾರವೇ ಮಾಡಿರಿ.